ಒಂದೇ ತಂತಿ, ಎರಡು ಪಂಕ್ತಿ

ನಮ್ಮ ಮನೆಗೆ ಬರುವ ಇಂಟರ್ನೆಟ್ ತಂತಿ ಒಂದೇ. ಬೀದಿಯ ಕಂಬದಿಂದ ಹೊರಟು, ಮಾಡಿನ ಅಂಚಿಗೆ ತಾಗಿಕೊಂಡು, ಕಿಟಕಿಯ ಪಕ್ಕದ ತೂತಿನಿಂದ ಒಳಗೆ ಬಂದು, ನಡುಮನೆಯ ಗೋಡೆಯ ಮೇಲಿರುವ ಬಿಳಿಯ ಪೆಟ್ಟಿಗೆಯಲ್ಲಿ ಅದು ಕೊನೆಗೊಳ್ಳುತ್ತದೆ. ಅದರೊಳಗಿನ ಗಾಜಿನ ಎಳೆ ಒಂದು ಕೂದಲಿನಷ್ಟು ತೆಳುವಂತೆ. ಆ ಕೂದಲೆಳೆಯನ್ನು ನಂಬಿಕೊಂಡು ನಮ್ಮ ಮನೆಯಲ್ಲಿ ಎಷ್ಟು ಕೆಲಸ ನಡೆಯುತ್ತದೆ ಎಂದು ಲೆಕ್ಕ ಹಾಕಿದರೆ ನನಗೇ ಆಶ್ಚರ್ಯವಾಗುತ್ತದೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವ ಮಗನ ಎರಡು ಕಂಪ್ಯೂಟರ್, ಮಗಳ ಲ್ಯಾಪ್‌ಟಾಪ್, ನಡುಮನೆಯ ಟಿವಿ, ನಮ್ಮವರ ಫೋನು, ನನ್ನ ಫೋನು, ಕೊನೆಗೆ ನಮ್ಮ ಅತ್ತೆಯವರು ಮಧ್ಯಾಹ್ನದ ಊಟದ ಮೇಲೆ ಯಕ್ಷಗಾನ ನೋಡುವ ಟ್ಯಾಬು. ಸಾಗರದಂಥ ಊರಿನ ಒಂದು ಸಾಧಾರಣ ಮನೆಯ ಕತೆ ಇದು. ನಿಮ್ಮ ಮನೆಯ ಕತೆಯೂ ಹೆಚ್ಚು ಕಡಿಮೆ ಇದೇ ಇರಬಹುದು.

ಮೊದಲು ಹೀಗಿರಲಿಲ್ಲ. ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಗತೊಡಗಿದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮ್ ಮೂಲಕ. ನಮ್ಮ ಮನೆಗೆ ಅದು ಬರಲು ಮತ್ತೂ ಎಂಟು ವರ್ಷ ಬೇಕಾಯಿತು. ಆಗ ಟೆಲಿಫೋನಿನ ತಂತಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಬೇಕಿತ್ತು. ಅದು ಕೀಚು ಕೀಚು ಎಂದು ಕೂಗಿ, ಕೊನೆಗೆ ದೊಡ್ಡ ಉಸಿರು ಬಿಟ್ಟಂತೆ ಸದ್ದು ಮಾಡಿ ಸೇರಿಕೊಳ್ಳುತ್ತಿತ್ತು. ಆಮೇಲೆ ಯಾರಿಗೂ ಫೋನ್ ಮಾಡುವಂತಿಲ್ಲ. ತವರಿನಿಂದ ಯಾರಾದರೂ ಫೋನ್ ಮಾಡಿದರೂ ಸಿಗುತ್ತಿರಲಿಲ್ಲ. ಒಂದು ತಂತಿ, ಒಂದು ಕಂಪ್ಯೂಟರ್, ಒಬ್ಬರೇ ಮನುಷ್ಯರು. ಹಂಚಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಈಗ ಒಂದೇ ತಂತಿಯನ್ನು ಹತ್ತು ಜನ ಏಕಕಾಲದಲ್ಲಿ ಬಳಸಬಹುದಾದ್ದರಿಂದಲೇ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬ ಪ್ರಶ್ನೆ ಹುಟ್ಟಿದೆ. ಈ ಪ್ರಶ್ನೆ ನನ್ನನ್ನು ಕಾಡಿದ್ದು ಹೇಗೆ ಎಂದು ಹೇಳುತ್ತೇನೆ.

2021ರ ಜುಲೈ ತಿಂಗಳು. ಕೊರೋನಾದ ಎರಡನೆಯ ಅಲೆ ಇಳಿಯುತ್ತಿತ್ತು, ಆದರೆ ಕಾಲೇಜುಗಳು ತೆರೆದಿರಲಿಲ್ಲ. ನಮ್ಮ ಹಿಂದಿನ ಬೀದಿಯ ಸಾಲುಮನೆಯಲ್ಲಿರುವ ಹುಡುಗಿಯೊಬ್ಬಳು ಸಂಜೆ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಂತಳು. ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ಸಮಾಜ ವಿಜ್ಞಾನ ಓದಿದವಳು. ಆಗ ಎರಡನೆಯ ಪಿಯುಸಿ. ತಾಯಿ ಅಡಿಕೆ ಸುಲಿಯಲು ಹೋಗುತ್ತಾಳೆ. ಮನೆಯಲ್ಲಿ ಇರುವುದು ಒಂದೇ ಫೋನು. ದಿನಕ್ಕೆ ಒಂದೂವರೆ ಜಿಬಿ, ಅದರಲ್ಲಿ ತಮ್ಮನ ಪಾಠವೂ ಆಗಬೇಕು.

“ಟೀಚರ್, ಮಧ್ಯಾಹ್ನದೊಳಗೆ ಡೇಟಾ ಖಾಲಿ ಆಗುತ್ತೆ. ನಿಮ್ಮ ವೈ-ಫೈ ಪಾಸ್‌ವರ್ಡ್ ಕೊಡ್ತೀರಾ? ಬರೀ ಪಾಠಕ್ಕೆ.”

ನಾನು ತಡಮಾಡದೆ ಒಂದು ಸುಳ್ಳು ಹೇಳಿದೆ. “ನಮ್ಮ ಮನೆಯಲ್ಲೇ ತುಂಬ ಜನ ಇದೀವಮ್ಮ. ಈಗಲೇ ನಿಧಾನ. ಇನ್ನೊಂದು ಸೇರಿದರೆ ಮಗನ ಕೆಲಸಕ್ಕೆ ತೊಂದರೆ ಆಗುತ್ತೆ.” ಅವಳು “ಸರಿ ಟೀಚರ್” ಎಂದು ಹೊರಟುಹೋದಳು. ಮಕ್ಕಳು ಹಟ ಮಾಡದೆ ಹೋದಾಗ ನಮಗೆ ಹೆಚ್ಚು ನೋವಾಗುತ್ತದೆ.

ರಾತ್ರಿ ಮಗನ ಹತ್ತಿರ ಈ ಮಾತು ತೆಗೆದೆ. ಅವನು ಲೆಕ್ಕ ತೋರಿಸಿದ. ನಮ್ಮ ಯೋಜನೆಯಲ್ಲಿ ತಿಂಗಳಿಗೆ 3,300 ಜಿಬಿ. ನಾವೆಲ್ಲ ಸೇರಿ ಬಳಸುತ್ತಿದ್ದುದು 300 ಜಿಬಿಯೂ ಅಲ್ಲ. ಒಂದು ಗಂಟೆಯ ಪಾಠವನ್ನು ಸಾಧಾರಣ ಚಿತ್ರದಲ್ಲಿ ನೋಡಿದರೆ ಸುಮಾರು ಅರ್ಧ ಜಿಬಿ. ದಿನಕ್ಕೆ ಎರಡು ಗಂಟೆ ನೋಡಿದರೂ ತಿಂಗಳಿಗೆ 30 ಜಿಬಿ. ನಮ್ಮ ಪಾಲಿನಲ್ಲಿ ಅದು ನೂರಕ್ಕೆ ಒಂದೂ ಆಗುವುದಿಲ್ಲ.

ನಮ್ಮ ಕಡೆ ಮನೆಯಲ್ಲಿ ಹೆಪ್ಪು ತೀರಿದರೆ ಪಕ್ಕದ ಮನೆಯಿಂದ ಒಂದು ಚಮಚ ತರುವ ಪದ್ಧತಿ ಇದೆ. ಕೊಟ್ಟವರಿಗೆ ಅದು ಕಡಿಮೆಯಾಯಿತು ಎಂದು ಅನ್ನಿಸುವುದಿಲ್ಲ. ನಲ್ಲಿ ನೀರಿನ ಮಾತು ಬೇರೆ. ನೀವು ಒಂದು ಕೊಡ ಹಿಡಿದರೆ ನನ್ನ ತೊಟ್ಟಿಗೆ ಅಷ್ಟು ಕಡಿಮೆ. ಇಂಟರ್ನೆಟ್ ಇವೆರಡರ ನಡುವಿನದು. ಎಲ್ಲರೂ ಒಟ್ಟಿಗೆ ತಿರುಗಿಸಿದರೆ ನಲ್ಲಿಯ ಹಾಗೆ ರಭಸ ಇಳಿಯುತ್ತದೆ, ನಿಜ. ಆದರೆ ಬಳಸದೆ ಬಿಟ್ಟ ಹೊತ್ತನ್ನು ನಾಳೆಗೆ ತುಂಬಿಡಲು ಅದಕ್ಕೆ ತೊಟ್ಟಿ ಇಲ್ಲ. ನಾವು ಮಲಗಿರುವಾಗಲೂ ಅದು ಸುಮ್ಮನೆ ಹರಿದು ಹೋಗುತ್ತಿರುತ್ತದೆ. ಇಂಥ ವಸ್ತುವಿನಲ್ಲಿ ಜಿಪುಣತನ ಮಾಡಿ ಉಳಿಸುವುದೇನು?

ಮಗ ಇನ್ನೊಂದು ಮಾತನ್ನೂ ಹೇಳಿದ. ಅದನ್ನು ತಳ್ಳಿಹಾಕುವಂತಿರಲಿಲ್ಲ.

ಒಂದೇ ತಂತಿಯಲ್ಲಿ ಇಷ್ಟೊಂದು ಯಂತ್ರಗಳು ನಡೆಯುವುದು ಹೇಗೆ ಎಂದು ನಾನು ಅವನನ್ನು ಕೇಳಿದ್ದೆ. ಅಂಚೆಯ ಉದಾಹರಣೆ ಕೊಟ್ಟ. ಇಂಟರ್ನೆಟ್ಟಿನಲ್ಲಿ ಪ್ರತಿಯೊಂದಕ್ಕೂ ಅಂಕಿಗಳ ಒಂದು ವಿಳಾಸ ಬೇಕು. ಹಳೆಯ ಪದ್ಧತಿಯಲ್ಲಿ ಅಂಥ ವಿಳಾಸಗಳು ಇರುವುದು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಜನಸಂಖ್ಯೆಯೇ ಈಗ 800 ಕೋಟಿ ದಾಟಿದೆ. ಹೀಗೆ ಕೊರತೆಯಾದೀತು ಎಂದು ಮೊದಲೇ ಊಹಿಸಿ 1994ರಲ್ಲಿ ತಂತ್ರಜ್ಞರು ಒಂದು ಉಪಾಯವನ್ನು ಮುಂದಿಟ್ಟರು. ಮನೆಗೆಲ್ಲ ಸೇರಿ ಹೊರಗಿನ ವಿಳಾಸ ಒಂದೇ. ಒಳಗಿನ ಯಂತ್ರಗಳಿಗೆ ಮನೆಮಟ್ಟಿಗೆ ಸಾಕಾಗುವ ಪುಟ್ಟ ವಿಳಾಸಗಳು. ಗೋಡೆಯ ಮೇಲಿನ ಪೆಟ್ಟಿಗೆ, ಅಂದರೆ ರೂಟರ್, ಒಳಗಿನಿಂದ ಯಾರು ಏನು ಕೇಳಿದರು ಎಂದು ಬರೆದಿಟ್ಟುಕೊಂಡು, ಉತ್ತರ ಬಂದಾಗ ಅವರವರಿಗೆ ಹಂಚುತ್ತದೆ. ಅವಿಭಕ್ತ ಕುಟುಂಬದಲ್ಲಿ ಪೋಸ್ಟ್‌ಮ್ಯಾನ್ ಹೊರಬಾಗಿಲಿನಲ್ಲಿ ಕಾಗದಗಳ ಕಟ್ಟು ಕೊಟ್ಟು ಹೋದರೆ ಮನೆಯ ಹಿರಿಯರು ಅವರವರಿಗೆ ಹಂಚುತ್ತಿದ್ದರಲ್ಲ, ಹಾಗೆ. ಎರಡು ಕಂಪ್ಯೂಟರ್ ಇರಲಿ, ಇಪ್ಪತ್ತಿರಲಿ, ಹೊರಗಿನವರಿಗೆ ಕಾಣುವುದು ಒಂದೇ ಮನೆ. ಈಗ ಹೊಸ ಬಗೆಯ ಉದ್ದ ವಿಳಾಸಗಳೂ ಬಂದಿವೆ. ಆದರೆ ಕಂಪನಿಯ ದಾಖಲೆ ನೋಡಿದರೆ ಸಿಗುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರೇ. ನಮ್ಮ ಮನೆಯದು ನನ್ನ ಹೆಸರಿನಲ್ಲಿದೆ.

“ಅಮ್ಮ, ಯಾರು ಏನು ಮಾಡಿದರೂ ಮೊದಲು ಕೇಳೋದು ನಿನ್ನನ್ನೇ” ಎಂದ ಮಗ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತದ್ದು ನಿಮಗೆ ನೆನಪಿರಬಹುದು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಇ-ಮೇಲ್ ಬಂದಿತ್ತು. ಪೊಲೀಸರು ಅದರ ವಿಳಾಸ ಹಿಡಿದು ಹೋದಾಗ ಅದು ನವಿ ಮುಂಬೈಯಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕನ್ನರ ಮನೆಯನ್ನು ತೋರಿಸಿತು. ಕಾವಲಿಲ್ಲದ ಅವರ ವೈ-ಫೈಯನ್ನು ಬೇರೆ ಯಾರೋ ಹೊರಗಿನಿಂದ ಬಳಸಿದ್ದರು. ತಪ್ಪು ಮಾಡದ ಆ ಮನುಷ್ಯ ವಿಚಾರಣೆ ಎದುರಿಸಬೇಕಾಯಿತು. ಇದಲ್ಲದೆ ಸಂಪರ್ಕವನ್ನು ಮನೆಯಿಂದ ಆಚೆ ಹಂಚಬಾರದೆಂದು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಷರತ್ತೂ ಇತ್ತು. ಸಹಿ ಹಾಕುವಾಗ ನಾನು ಓದಿರಲಿಲ್ಲ.

ಆದ್ದರಿಂದ ಒಂದು ಮಧ್ಯದ ದಾರಿ ಹುಡುಕಿದೆವು. ರೂಟರಿನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಅನುಕೂಲವಿದೆ. ಅದೇ ತಂತಿ, ಅದೇ ಪೆಟ್ಟಿಗೆ, ಆದರೆ ಹೆಸರು ಬೇರೆ, ಪಾಸ್‌ವರ್ಡ್ ಬೇರೆ. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರುಗಳ ಹತ್ತಿರ ಮಾತ್ರ ಸುಳಿಯಲಾಗುವುದಿಲ್ಲ. ಮರುದಿನವೇ ಹುಡುಗಿಯನ್ನು ಕರೆಸಿ, “ಜಗಲಿ ಮೇಲೆ ಕೂತು ಓದಿಕೋ, ಸಿಗ್ನಲ್ ಅಲ್ಲಿಗೆ ಬರುತ್ತೆ” ಎಂದೆ. ಕೊರೋನಾ ಕಾಲ, ಒಳಗೆ ಎಂಬತ್ತು ದಾಟಿದ ಅತ್ತೆ. ಜಗಲಿಯೇ ಸರಿ ಎಂದು ಎಲ್ಲರೂ ಒಪ್ಪಿದೆವು. ಅವಳು ಚಾಪೆಯೊಂದನ್ನು ತಂದುಕೊಂಡು ಕಂಬಕ್ಕೆ ಒರಗಿ ಕೂತು ಪಾಠ ಕೇಳುತ್ತಿದ್ದಳು. ನಾನು ಒಳ್ಳೆಯ ಕೆಲಸ ಮಾಡಿದೆ ಎಂದು ಸಮಾಧಾನಪಟ್ಟುಕೊಂಡೆ. ಸ್ಟಾಫ್ ರೂಮಿನಲ್ಲಿ ಇಬ್ಬರು ಮೂವರಿಗೆ ಹೇಳಿಕೊಂಡೂ ಆಯಿತು.

ಆಗಸ್ಟ್ 23ರಿಂದ ಕಾಲೇಜು ತೆರೆಯಿತು. ಆದರೂ ಸಂಜೆ ಹೊತ್ತು ಅವಳು ಬರುತ್ತಲೇ ಇದ್ದಳು. 2022ರಲ್ಲಿ ಪಿಯುಸಿ ಮುಗಿಸಿ ಬಿ.ಕಾಂ. ಸೇರಿದಳು. ಅಷ್ಟರಲ್ಲಿ ಮಾಸ್ಕುಗಳು ಹೋದವು, ಮದುವೆ ಮುಂಜಿಗಳು ಮೊದಲಿನಂತೆ ನಡೆಯತೊಡಗಿದವು, ನಮ್ಮ ನಡುಮನೆಗೆ ಬರುವ ಹೋಗುವ ನೆಂಟರು ಹೆಚ್ಚಿದರು. ಕೊರೋನಾ ಹೋಯಿತು. ಹುಡುಗಿ ಜಗಲಿಯಲ್ಲೇ ಉಳಿದಳು.

ಆ ವರ್ಷದ ಮಳೆಗಾಲದ ಒಂದು ದಿನ ಅತ್ತೆಯವರ ಯಕ್ಷಗಾನ ಮಧ್ಯದಲ್ಲಿ ನಿಂತುಹೋಯಿತು. ಭಾಗವತರು ಬಾಯಿ ತೆರೆದವರು ತೆರೆದಂತೆಯೇ. “ಆ ಹುಡುಗಿ ಕೂತಾಗಲೇ ಹೀಗಾಗೋದು” ಎಂದು ಅತ್ತೆ ಗೊಣಗಿದರು. ಮಗ ನಕ್ಕು, “ಇಲ್ಲ ಅಜ್ಜಿ, ಮಳೆಗೆ ಎಲ್ಲೋ ಲೈನ್ ಹೋಗಿದೆ. ಅವಳಿಗೆ ಕೊಟ್ಟಿರೋದೇ ಬೇರೆ. ನಮ್ಮದಕ್ಕೆ ಅವಳು ಬರೋಕೇ ಆಗಲ್ಲ” ಎಂದು ಗೆಸ್ಟ್ ನೆಟ್‌ವರ್ಕಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದ.

ಅತ್ತೆಯವರ ಮುಖ ಅರಳಿತು. ನನ್ನ ಕಡೆ ತಿರುಗಿ, “ಒಳ್ಳೇದು ಮಾಡಿದೆ ಕಣೆ. ಕೊಟ್ಟ ಹಾಗೂ ಆಯ್ತು, ಬೇರೆ ಇಟ್ಟ ಹಾಗೂ ಆಯ್ತು. ನಾವೂ ಹಿಂದೆ ಹಾಗೇ ಅಲ್ವಾ, ನೀರು ಕೊಡ್ತಿದ್ವಿ, ಲೋಟ ಬೇರೆ ಇಡ್ತಿದ್ವಿ” ಎಂದರು.

ಅವರು ಬಯ್ದಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲ. ಅವರು ಮೆಚ್ಚಿದ್ದರು.

ನಾನು 1993ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಜಗಲಿಯ ಮೂಲೆಯ ಗೂಡಿನಲ್ಲಿ ಒಂದು ಲೋಟ ಬೋರಲಾಗಿ ಇರುತ್ತಿತ್ತು. ಅಡಿಕೆ ಸುಲಿಯಲು ಬಂದ ಹೆಂಗಸರು ಅದರಲ್ಲಿ ನೀರು ಕುಡಿದು, ತಾವೇ ತೊಳೆದು, ಮತ್ತೆ ಅಲ್ಲಿಯೇ ಬೋರಲು ಹಾಕಿ ಹೋಗುತ್ತಿದ್ದರು. ಅವರಲ್ಲಿ ಈ ಹುಡುಗಿಯ ಅಜ್ಜಿಯೂ ಒಬ್ಬರು. ನಾನು ಬಿ.ಎ., ಬಿ.ಎಡ್. ಓದಿದ ಸೊಸೆ. ಶಾಲೆಯಲ್ಲಿ ಮಕ್ಕಳಿಗೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ ಎಂದು ಕಪ್ಪು ಹಲಗೆಯ ಮೇಲೆ ಬರೆದು, 1955ರಲ್ಲಿ ಅದಕ್ಕೊಂದು ಕಾಯಿದೆಯೂ ಬಂದಿತೆಂದು ಬಾಯಿಪಾಠ ಮಾಡಿಸುತ್ತಿದ್ದೆ. ಮನೆಗೆ ಬಂದು ಆ ಲೋಟವನ್ನು ನೋಡುತ್ತಿದ್ದೆ. ಅದನ್ನು ತೆಗೆಯಿರಿ ಎಂದು ಒಂದು ದಿನವೂ ಹೇಳಲಿಲ್ಲ. ಮುಂದೆ ಜಗಲಿಗೆ ಟೈಲ್ಸ್ ಹಾಕಿಸುವಾಗ ಗೂಡು ಮುಚ್ಚಿತು, ಲೋಟವೂ ಎಲ್ಲಿಗೋ ಹೋಯಿತು. ಅದು ಹೋದದ್ದರಲ್ಲಿ ನನ್ನ ಪಾಲೇನೂ ಇಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಅತ್ತೆಯವರ ಮಾತು ಸರಿಯೇ? ಲೋಟ ಬೇರೆ ಇಡುವುದೂ ಗೆಸ್ಟ್ ನೆಟ್‌ವರ್ಕ್ ಇಡುವುದೂ ಒಂದೇ ಆಗುತ್ತದೆಯೇ? ನನ್ನ ಪರವಾಗಿ ನಾನೇ ವಾದಿಸಿದೆ. ಲೋಟದ ಹಿಂದೆ ಇದ್ದದ್ದು ಬರೀ ಹುಟ್ಟಿನ ಕಾರಣ, ನೀರಿಗಾಗಲೀ ಲೋಟಕ್ಕಾಗಲೀ ಯಾರ ಕೈಯಿಂದಲೂ ಕೇಡು ಬರುವುದಿಲ್ಲ. ಇಲ್ಲಿ ಹಾಗಲ್ಲ. ಒಂದು ಫೋನಿಗೆ ತಗುಲಿದ ಕೆಟ್ಟ ಪ್ರೋಗ್ರಾಮ್ ಅದೇ ನೆಟ್‌ವರ್ಕಿನಲ್ಲಿರುವ ಬೇರೆ ಯಂತ್ರಗಳಿಗೆ ಹರಡಬಹುದು. ಮಗನ ಕಂಪ್ಯೂಟರಿನಲ್ಲಿ ಕಂಪನಿಯ ಕಾಗದಪತ್ರಗಳಿವೆ. ಎಚ್ಚರಿಕೆ ತಪ್ಪಲ್ಲ. ಬಾಗಿಲಿಗೆ ಚಿಲಕ ಹಾಕುವವರೆಲ್ಲ ನೆರೆಯವರನ್ನು ಕಳ್ಳರೆಂದು ಭಾವಿಸಿದಂತೆ ಆಗುವುದಿಲ್ಲ.

ವಾದ ಚೆನ್ನಾಗಿಯೇ ಇತ್ತು. ಅದು ಬಿದ್ದುಹೋದದ್ದು ಮರುದಿನ ಬೆಳಿಗ್ಗೆ. ನಮ್ಮ ಮುಖ್ಯ ನೆಟ್‌ವರ್ಕಿನಲ್ಲಿ ಈಗ ಯಾರು ಯಾರು ಇದ್ದಾರೆ ತೋರಿಸು ಎಂದು ಮಗನನ್ನು ಕೇಳಿದೆ. ರೂಟರ್ ಆ ಪಟ್ಟಿಯನ್ನೂ ಇಟ್ಟಿರುತ್ತದೆ. ನಮ್ಮ ಮನೆಯ ಯಂತ್ರಗಳಲ್ಲದೆ ಅಲ್ಲಿ ಇನ್ನೂ ಏಳು ಹೆಸರುಗಳಿದ್ದವು. ನನ್ನ ಅಣ್ಣನ ಮಗನ ಫೋನು, ಅವನ ಜೊತೆ ಜೋಗ ನೋಡಲು ಬಂದು ನಮ್ಮಲ್ಲಿ ಒಂದು ರಾತ್ರಿ ತಂಗಿದ್ದ ಮೂವರು ಗೆಳೆಯರ ಫೋನುಗಳು. ಅವರ ಹೆಸರೂ ನನಗೆ ಈಗ ನೆನಪಿಲ್ಲ. ನಾದಿನಿಯ ಮನೆಯವರ ಎರಡು ಫೋನು. ಇನ್ನೊಂದು ಯಾರದೆಂದು ಯಾರಿಗೂ ಹೇಳಲಾಗಲಿಲ್ಲ. ಇವರಾರಿಗೂ ನಾವು ಅಹಮದಾಬಾದಿನ ಕತೆ ಹೇಳಿರಲಿಲ್ಲ. ಬಂದವರು ಚಹಾ ಲೋಟ ಕೆಳಗಿಡುವ ಮೊದಲೇ “ಪಾಸ್‌ವರ್ಡ್ ಏನು ಅತ್ತೆ?” ಎಂದು ಕೇಳಿದ್ದರು, ನಾನು ನಗುತ್ತಾ ಹೇಳಿದ್ದೆ.

ಮೂರು ವರ್ಷ ನನ್ನ ಕಣ್ಣೆದುರಿಗೇ ಓದಿದ ಹುಡುಗಿಗೆ ಎಚ್ಚರಿಕೆ, ಹೆಸರೂ ತಿಳಿಯದ ಹುಡುಗರಿಗೆ ಉಪಚಾರ. ಇಲ್ಲಿ ಅಪಾಯದ ಲೆಕ್ಕ ಎಲ್ಲಿದೆ? ನನ್ನ ಎಚ್ಚರಿಕೆ ಗೇಟಿನ ಆ ಕಡೆ ನಿಂತವರ ಬಟ್ಟೆ ನೋಡಿ, ಬೀದಿ ನೋಡಿ ಎಚ್ಚೆತ್ತುಕೊಳ್ಳುತ್ತಿತ್ತು. ಊಟದ ಮನೆಯಲ್ಲಿ ಪಂಕ್ತಿಭೇದ ಮಾಡುವುದು ಪಾಪವೆಂದು ಹಿರಿಯರು ಹೇಳುತ್ತಿದ್ದರು. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬರಿಗೆ ತುಪ್ಪ, ಇನ್ನೊಬ್ಬರಿಗೆ ಬರೀ ಅನ್ನ ಬಡಿಸಬಾರದು ಎಂದು. ಅವರೇ ಕೆಲವರನ್ನು ಸಾಲಿಗೇ ಸೇರಿಸದೆ ಹೊರಗೆ ಕೂರಿಸುತ್ತಿದ್ದರು ಎಂಬುದು ಬೇರೆ ಮಾತು. ನಾನು ಮಾಡಿದ್ದೂ ಅದನ್ನೇ.

ಅಂದಿನಿಂದ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಒಂದು ಕಟ್ಟುಪಾಡು ಎಚ್ಚರಿಕೆಯೋ ಭೇದವೋ ಎಂದು ತಿಳಿಯಲು ಕಟ್ಟುಪಾಡನ್ನು ನೋಡಿದರೆ ಸಾಲದು, ಅದು ಯಾರಿಗೆಲ್ಲ ಅನ್ವಯಿಸುತ್ತದೆ ಎಂದು ನೋಡಬೇಕು. ನನ್ನ ಅಣ್ಣನ ಮಗನಿಗೂ ಹಾಕುವಂಥದ್ದಾದರೆ ಅದು ಎಚ್ಚರಿಕೆ. ಹಿಂದಿನ ಬೀದಿಯ ಹುಡುಗಿಗೆ ಮಾತ್ರ ಹಾಕುವಂಥದ್ದಾದರೆ ಎಷ್ಟೇ ಆಧುನಿಕ ಹೆಸರಿಟ್ಟರೂ ಅದು ಆ ಗೂಡಿನ ಲೋಟವೇ. ಇನ್ನೊಂದು ಮಾತು. ಕಾರಣವನ್ನು ಅವರ ಮುಖ ನೋಡಿ ಹೇಳಲು ನನಗೆ ಧೈರ್ಯವಿರಬೇಕು. ನಾನು ಆ ಹುಡುಗಿಗೆ ಇದು ಬೇರೆ ನೆಟ್‌ವರ್ಕ್ ಎಂದು ಹೇಳಿಯೇ ಇರಲಿಲ್ಲ. ಅವಳಿಗೆ ತಿಳಿಯದು ಎಂದುಕೊಂಡಿದ್ದೆ.

ಮಗ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದ. ಮನೆಯಲ್ಲಿ ವಾಸವಿರುವವರಿಗೆ ಅದು, ಹೊರಗಿನಿಂದ ಬಂದವರಿಗೆಲ್ಲ, ಯಾರೇ ಆಗಲಿ, ಗೆಸ್ಟ್. ಗೌರಿಹಬ್ಬಕ್ಕೆ ಅಣ್ಣನ ಮನೆಯವರು ಬಂದಾಗ ಹೊಸ ನಿಯಮ ತಿಳಿಸಿದೆ. ಅತ್ತಿಗೆ ನಗುತ್ತಲೇ, “ಓ, ಈಗ ನಾವೂ ಗೆಸ್ಟೇ?” ಎಂದರು. ನಗುವಿನ ಹಿಂದೆ ಸ್ವಲ್ಪ ಮುನಿಸಿತ್ತು. ಕಾರಣ ವಿವರಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಒಂದು ಮಾತು ಅವರಿಗೆ ಅಷ್ಟು ಚುಚ್ಚಿತಲ್ಲ, ಅದನ್ನೇ ಆ ಹುಡುಗಿ ಒಂದು ವರ್ಷದಿಂದ ದಿನವೂ ನುಂಗಿಕೊಂಡಿದ್ದಿರಬಹುದೇ ಎಂದು ಆಗ ಹೊಳೆಯಿತು.

ಹಬ್ಬ ಕಳೆದ ಮೇಲೆ ಒಂದು ಸಂಜೆ ಅವಳು ಬಂದು ಚಾಪೆ ಬಿಡಿಸುತ್ತಿದ್ದಾಗ ನಾನು ಹೋಗಿ ಕಂಬದ ಪಕ್ಕ ಕೂತೆ. ನಿನಗೆ ಕೊಟ್ಟದ್ದು ಬೇರೆ ನೆಟ್‌ವರ್ಕ್, ಈಗ ಬಂದವರಿಗೆಲ್ಲ ಅದನ್ನೇ ಮಾಡಿದ್ದೇವೆ ಎಂದು ಹೇಳಿದೆ. ಮೊದಲ ದಿನ ಹೇಳಿದ್ದು ಸುಳ್ಳು ಎಂದೂ ಹೇಳಿದೆ.

ಅವಳು ತಲೆ ಎತ್ತದೆ, “ಗೊತ್ತು ಟೀಚರ್. ಫೋನಲ್ಲಿ ಹೆಸರು ಬರುತ್ತಲ್ಲ, ಗೆಸ್ಟ್ ಅಂತ” ಎಂದಳು.

ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಜಗಲಿಯಂಚಿಗೆ ಇರಚಲು ಹೊಡೆಯುತ್ತಿತ್ತು, ಅವಳ ಚಾಪೆಯ ಒಂದು ತುದಿ ನೆನೆದಿತ್ತು. ಪಾಸ್‌ವರ್ಡಿನ ವಿಷಯವನ್ನು ಇಷ್ಟೆಲ್ಲ ಯೋಚಿಸಿ ಸರಿಮಾಡಿದ ನಾನು ಎರಡು ಮಳೆಗಾಲದಿಂದ ಅವಳು ಹೊಸ್ತಿಲಿನ ಹೊರಗೆ ಕೂತಿದ್ದಾಳೆ ಎಂಬುದನ್ನು ಮಾತ್ರ ನೋಡಿಯೇ ಇರಲಿಲ್ಲ. ತಂತಿಯಲ್ಲಿ ಪಂಕ್ತಿ ಒಂದಾಗಿತ್ತು. ಮನೆಯಲ್ಲಿ ಆಗಿರಲಿಲ್ಲ.

“ಒಳಗೆ ಬಾ” ಎಂದೆ. “ಮಗ ಕೆಲಸ ಮಾಡುವ ಮೇಜಿನ ಆ ಕಡೆ ಜಾಗ ಇದೆ.”

ಅವಳು ಚಪ್ಪಲಿಯನ್ನು ದೂರದಲ್ಲಿ ಬಿಟ್ಟು, ಕಾಲು ತೊಳೆದು, ಸಂಕೋಚದಿಂದಲೇ ಬಂದಳು. ಅತ್ತೆಯವರು ಟ್ಯಾಬಿನಿಂದ ತಲೆ ಎತ್ತಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲೂ ಇಲ್ಲ. ಮತ್ತೆ ಯಕ್ಷಗಾನಕ್ಕೆ ಕಣ್ಣು ತಿರುಗಿಸಿದರು. ನಾನು ಅಡಿಗೆಮನೆಗೆ ಹೋಗಿ ನಾವೆಲ್ಲ ಕುಡಿಯುವ ಲೋಟಗಳಲ್ಲೇ ಎಲ್ಲರಿಗೂ ಚಹಾ ಸೋಸಿದೆ. ತಂದು ಮೇಜಿನ ಮೇಲೆ ಇಡುವಾಗ ಹುಡುಗಿ ಫೋನನ್ನೇ ನೋಡುತ್ತಾ ಹೇಳಿದಳು:

“ಒಳಗೆ ಸಿಗ್ನಲ್ ಚೆನ್ನಾಗಿ ಬರುತ್ತೆ ಟೀಚರ್.”